ಬೊಳ್ಳ, ಪಾಂಡು ಮತ್ತು ನಾನು

ಮುಂಡಾಜೆ
ಡಿಸೆಂಬರ್ ೧೦

ಪ್ರಾಪ್ತಿಯ ಪ್ರೀತಿಯ ಪಪ್ಪನಿಗೆ,

ನಮಸ್ಕಾರ. ನಿಮ್ಮ ಸೊಂಟನೋವು ಹೇಗಿದೆ? ಮುಲಾಮು ಹಚ್ಚುತ್ತಿದ್ದೀರಿ ತಾನೇ? ಇಲ್ಲಿ ಅತ್ತೆಯ ಶುಗರ್ ಹಿಡಿತದಲ್ಲಿದೆ, ಪ್ರಾಪ್ತಿಯ ಮುಂದಿನ ಹಲ್ಲು ಬಿದ್ದಿದೆ. ದಿನಾ ವೀಡಿಯೊ ಕಾಲ್ ಮಾಡುವವಳು ಪತ್ರ ಯಾಕೆ ಬರೆದಳೆಂದು ನಗಬೇಡಿ. ಫೋನಿನಲ್ಲಿ ನನ್ನ ಮುಖ ಕಂಡ ಕೂಡಲೇ ನೀವು “ಸ್ವಲ್ಪ ಆಚೆ ತಿರುಗಿಸು ಮಾರಾಯ್ತಿ, ಬೊಳ್ಳನ ಕಾಲು ಕಾಣುವುದಿಲ್ಲ” ಅನ್ನುತ್ತೀರಿ. ಕಾಗದವನ್ನು ಕೊಟ್ಟಿಗೆಯ ಕಡೆ ತಿರುಗಿಸಲು ಆಗುವುದಿಲ್ಲವಲ್ಲ. ಅದಕ್ಕೇ ಬರೆದು, ರಜೆ ಮುಗಿಸಿ ಮಸ್ಕತ್ತಿಗೆ ಹೊರಟಿರುವ ನಿಮ್ಮ ದೋಸ್ತಿ ಧರ್ಣಪ್ಪಣ್ಣನ ಕೈಯಲ್ಲಿ ಕೊಡುತ್ತಿದ್ದೇನೆ.

ಹೇಳಿಯೇ ಬಿಡುತ್ತೇನೆ, ನಿಮ್ಮ ಕಂಬಳದ ಕೋಣಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸವತಿಯಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಬೊಳ್ಳನಿಗೂ ಪಾಂಡುವಿಗೂ ಬೇಯಿಸಿದ ಹುರುಳಿ, ಮೈಗೆ ಎಣ್ಣೆ, ತಲೆಯ ಮೇಲೆ ಫ್ಯಾನು. ನಮ್ಮ ಅಡುಗೆಮನೆಯ ಫ್ಯಾನು ಕೆಟ್ಟು ಒಂದು ಮಳೆಗಾಲ ಕಳೆಯಿತು. ಹುರುಳಿ ಬೇಯಿಸುವವಳು ನಾನು. ಕಾಳು ಅವುಗಳಿಗೆ, ಬೆಂದ ನೀರಿನ ಸಾರು ನಮಗೆ. ಕೋಣ ನೋಡಿಕೊಳ್ಳುವ ನೋಣಯ್ಯ ಮೊನ್ನೆ ಅಭ್ಯಾಸಕ್ಕೆ ಓಡಿಸಿ ಬಂದವನು “ಶಶಿಯಕ್ಕ, ಈ ಸಲ ಮೂಡುಬಿದಿರೆ ಕಂಬಳದಲ್ಲಿ ನಮಗೆ ಮೆಡಲ್ ಉಂಟು” ಅಂದ. ನೀವು ಕುಣಿಯುತ್ತೀರೆಂದು ನಾನು ಬೇಕೆಂದೇ ಹೇಳಲಿಲ್ಲ. ಅಷ್ಟು ಕೆಟ್ಟವಳಾಗಿದ್ದೇನೆ ನೋಡಿ.

ಆಸೆ ನನಗೂ ಇದೆಯಲ್ಲ. ಬಿ.ಎಡ್. ಮುಗಿಸಿ ಈ ಮನೆಗೆ ಬಂದವಳು ನಾನು. ಟೀಚರ್ ಆಗಲು ಟಿಇಟಿ ಪರೀಕ್ಷೆ ಬರೆಯುತ್ತೇನೆ ಎಂದಾಗ ನೀವು “ಮೂಡುಬಿದಿರೆ ಒಮ್ಮೆ ಮುಗಿಯಲಿ, ಮತ್ತೆ ನೋಡುವ” ಅಂದಿರಿ. ಕಳೆದ ವರ್ಷವೂ ಅದನ್ನೇ ಅಂದಿದ್ದಿರಿ. ನಿಮ್ಮ ಕನಸಿಗೆ ಮನೆಮಂದಿಯೆಲ್ಲ ಹೆಗಲು ಕೊಡಬೇಕು, ನನ್ನ ಕನಸು ಮಾತ್ರ ಒಲೆ ಆರುವ ತನಕ ಕಾದು ಕೂರಬೇಕು. ಇದು ಯಾವ ಊರಿನ ನ್ಯಾಯ? ನಾನು ಅರ್ಜಿ ಹಾಕಿದ್ದೇನೆ. ಅತ್ತೆಗೆ ಮಾತ್ರ ಗೊತ್ತು. “ನೀನು ಓದು, ಹುರುಳಿ ನಾನು ನೋಡ್ತೇನೆ” ಅಂದರು. ಹೆತ್ತ ತಾಯಿಯೇ ಸೊಸೆಯ ಪಕ್ಷ ಸೇರಿದ ಮೇಲೆ ಇನ್ನು ನಿಮ್ಮದೇನೂ ನಡೆಯುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬರೀ ಆ ಖುಬ್ಬೂಸು ರೊಟ್ಟಿ ತಿಂದು ಮಲಗಬೇಡಿ. ಅತ್ತೆ ಆಶೀರ್ವಾದ ಹೇಳಿದ್ದಾರೆ, ಪ್ರಾಪ್ತಿ ಮುತ್ತು ಕಳಿಸಿದ್ದಾಳೆ. ಕೋಣಗಳು ಏನೂ ಹೇಳಿಲ್ಲ.

ನಿಮ್ಮ
ಶಶಿಪ್ರಭಾ

ಮತ್ತೊಂದು ಮಾತು: ಧರ್ಣಪ್ಪಣ್ಣನ ರಿಕ್ಷಾ ಅಂಗಳಕ್ಕೆ ಬಂದಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಪರೀಕ್ಷೆಯ ತಾರೀಖು ನಿನ್ನೆ ಗೊತ್ತಾಯಿತು. ಕಂಬಳದ ಭಾನುವಾರವೇ, ಬಂಟ್ವಾಳದಲ್ಲಿ. ಕೋಣಗಳನ್ನು ಓಟದ ಕರೆಯ ಕೆಸರುನೀರಿಗೆ ಇಳಿಸುವಾಗ ಮನೆಯವರೊಬ್ಬರು ಮುಂದೆ ನಡೆಯಬೇಕೆಂಬುದು ನಮ್ಮ ಮನೆಯ ಕ್ರಮ. ಕಳೆದ ಸಲ ನಾನು ನಡೆದೆ, ಈ ಸಲ ನಡೆಯುವುದಿಲ್ಲ. ಪ್ರಾಪ್ತಿ ಹುಟ್ಟಿದಾಗ ನಿಮಗೆ ರಜೆ ಸಿಗಲಿಲ್ಲ, ನನ್ನ ಆಪರೇಷನ್ನಿಗೂ ಸಿಗಲಿಲ್ಲ. ಬೊಳ್ಳ, ಪಾಂಡುವಿಗಾದರೆ ಸಿಕ್ಕೀತು. ಅವುಗಳಿಗಾಗಿಯೇ ಬನ್ನಿ, ನಾನು ಬೇಸರ ಮಾಡುವುದಿಲ್ಲ. ಬಂದರೆ ಸಾಕು.