ಜೂಡೋ ಕ್ಲಾಸಿಗೆ ಕೌದಿ ಬೇಡ

ಮಾವ,

ಕಂಪ್ಲಿ ಕಾಲೇಜಿನಲ್ಲಿ ಪರೀಕ್ಷೆ ಡ್ಯೂಟಿ ಇದೆ, ಮೊದಲ ಬಸ್ಸಿಗೆ ಹೊರಟೆ. ಬರುವುದು ತಡವಾಗುತ್ತದೆ. ಅನ್ನ, ಸಾರು ಆಗಿದೆ. ನಿಮ್ಮ ಬಿ.ಪಿ. ಮಾತ್ರೆ ತಂಬಿಗೆಯ ಪಕ್ಕದಲ್ಲಿದೆ.

ಸಂಜೆ ಶ್ರಾವಣಿಯನ್ನು ಜೂಡೋ ಕ್ಲಾಸಿಗೆ ನೀವೇ ಕರೆದೊಯ್ಯಿರಿ. ಕೌದಿ ಮಾತ್ರ ಒಯ್ಯಬೇಡಿ. ಹೋದ ವಾರ ಅದನ್ನು ಮ್ಯಾಟಿನ ಮೇಲೆ ಹಾಸಿ, ಅವಳು ಬೀಳುವಾಗಲೆಲ್ಲ ಓಡಿಹೋಗಿ ಹಿಡಿದಿರಂತೆ. ಮಾಸ್ಟರ್ ಫೋನ್ ಮಾಡಿದ್ದರು. "ಮೇಡಂ, ನಾವು ಮೊದಲು ಕಲಿಸೋದ ಬೀಳೋದು. ತಾತ ಹಿಂಗ ಹಿಡಕೊಂತ ನಿಂತ್ರ ಹುಡುಗಿ ಯಾವಾಗ ಕಲೀಬೇಕ್ರಿ?" ಶ್ರಾವಣಿಯೂ ಮುನಿಸಿಕೊಂಡಿದ್ದಾಳೆ. "ತಾತ ಒಳಗ ಬಂದ್ರ ನಾ ಕ್ಲಾಸಿಗೇ ಹೋಗಂಗಿಲ್ಲ" ಅನ್ನುತ್ತಾಳೆ.

ಗದ್ದವನ್ನು ಎದೆಗೆ ಒತ್ತಿ, ಅಂಗೈಯಿಂದ ನೆಲಕ್ಕೆ ಬಡಿದು ಬಿದ್ದರೆ ತಲೆಗೆ ಪೆಟ್ಟಾಗುವುದಿಲ್ಲ. ನಿನ್ನೆ ನನಗೆ ಹಾಸಿಗೆಯ ಮೇಲೆ ಬಿದ್ದು ತೋರಿಸಿದಳು. ಚೆನ್ನಾಗಿ ಬಿದ್ದಳು.

ಸಂಡೂರು ರಸ್ತೆಯಲ್ಲಿ ನಿಮ್ಮ ಮಗ ಬೈಕಿನಿಂದ ಬಿದ್ದಾಗ ನಾವಿಬ್ಬರೂ ಅಲ್ಲಿರಲಿಲ್ಲ. ಇವಳು ಬೀಳುವ ಕಡೆಯೆಲ್ಲ ನಾವು ಇರಲಾಗುವುದಿಲ್ಲ.

ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತು ನೋಡಿ. ಅವಳು ಬಿದ್ದು ಎದ್ದ ಮೇಲೆ ನಿಮ್ಮ ಕಡೆಗೇ ತಿರುಗಿ ನೋಡುತ್ತಾಳೆ.

ಕೌದಿ ಒಗೆದು ಮಾಳಿಗೆಯ ಮೇಲೆ ಹಾಕಿದ್ದೇನೆ. ಹೊರಡುವ ಮೊದಲು ಒಳಗೆ ತನ್ನಿ. ಶ್ರಾವಣಿ ದಣಿದು ಬಂದು ಮಲಗಿದಾಗ ಹೊದಿಸಿ.

ತ್ರಿವೇಣಿ