ರಿಮೋಟಿನ ಸೆಲ್ಲು

ಕೋಟೇಶ್ವರ
ಮೇ 9

ಪ್ರೀತಿಯ ತಮ್ಮ ಯತೀಶ,

ನಾನೊಬ್ಬ ಕಳ್ಳನೆಂದು ಗಂಭೀರವಾಗಿ ಒಪ್ಪಿಕೊಳ್ಳುತ್ತೇನೆ. ಅಮ್ಮ ಯುದ್ಧದ ಸುದ್ದಿ ನೋಡದಿರಲೆಂದು ಟಿವಿ ರಿಮೋಟಿನ ಸೆಲ್ಲು ಕದ್ದು ಕುಚ್ಚಲಕ್ಕಿ ಡಬ್ಬಿಯಲ್ಲಿ ಹೂತಿದ್ದೇನೆ.

ಎರಡೂ ದೇಶಗಳ ಬಳಿ ಅಣುಬಾಂಬಿದೆ, ಆ ಹೆದರಿಕೆಗೇ ಯಾರೂ ಮುಂದೆ ಹೋಗುವುದಿಲ್ಲ ಎಂದು ಕಾಲೇಜಿನ ಪಾಠವನ್ನೇ ಅವಳಿಗೂ ಒಪ್ಪಿಸಿದೆ.

"ಬಾಂಬಿಗೇ ಹೆದ್ರುದಾರೆ ನಮ್ ಯತೀಶನ್ನ ಗಡಿ ಹತ್ರ ಎಂತಕ್ ನಿಲ್ಸಿದ್ರ್ ಮಗಾ?" ಎಂದಳು.

ಹದಿನೆಂಟು ವರ್ಷ ರಾಜ್ಯಶಾಸ್ತ್ರ ಕಲಿಸಿದ ನಾನು "ನಾನಿದ್ದೆ ಅಲ್ದಾ, ಹೆದ್ರಬೇಡ" ಎಂದು ಎದೆ ತಟ್ಟಿಕೊಂಡೆ.

ಬಿಡುವಾದಾಗ ಫೋನು ಮಾಡು. ಆದರೆ ಅಮ್ಮನ ನಂಬರಿಗೇ ಮಾಡು. ನಿನ್ನೆ ಗುರುತಿಲ್ಲದ ನಂಬರಿನಿಂದ ನನಗೆ ಕರೆ ಬಂತು. ನಿನ್ನ ಕುರಿತ ಸುದ್ದಿಯೇನೋ ಎಂದು ಫೋನನ್ನು ಅಮ್ಮನ ಕೈಗಿಟ್ಟು ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡೆ. ಕರೆ ಮಾಡಿದ್ದು ಗ್ಯಾಸ್ ಸಿಲಿಂಡರ್ ತರುವವನಂತೆ, ಅಮ್ಮ ಬಾಗಿಲಾಚೆಯಿಂದ ಹೇಳಿದಳು.

ನಿನ್ನ ಅಣ್ಣ,
ಉದಯ