ಬಾಗಿಲ ಬಳಿಯ ದನಿ

ಅಕ್ಕನಿಗೆ,

ಬಂದು ವಾರವಾದರೂ ಊರು ನೋಡಲು ಪುರುಸೊತ್ತಿಲ್ಲ. ಪತ್ರಾಗಾರದ ನೆಲಮಾಳಿಗೆಯಲ್ಲಿ ಕೂತು, ಹಳೆಯ ಕ್ಯಾಸೆಟ್‌ಗಳ ಮಾತನ್ನು ಕಂಪ್ಯೂಟರಿಗೆ ಇಳಿಸಿ ಗದ್ದಲ ತೆಗೆಯುವ ಕೆಲಸ. ಸಂಜೆ ಹೊತ್ತಿಗೆ ಕಿವಿ ಗುಂಯ್ ಎನ್ನುತ್ತದೆ.

ಇವತ್ತಿನದು ಗಿರಣಿಯ ಮೇಸ್ತ್ರಿಯೊಬ್ಬರ ಸಂದರ್ಶನ. ಅವರು ಮುಷ್ಕರದ ಕಥೆ ಹೇಳುತ್ತಿರುವಾಗ ಬಾಗಿಲ ಬಳಿಯಿಂದ ಹೆಂಡತಿ ಬಾಯಿ ಹಾಕುತ್ತಾರೆ: "ಆ ವರ್ಷ ಅಲ್ಲ ಕಣ್ರೀ, ಅದರ ಹಿಂದಿನ ವರ್ಷ. ನಿಮಗೆ ಮದುವೆ ದಿನಾನೇ ನೆನಪಿರಲ್ಲ." ಇಲ್ಲಿನ ನಿಯಮದಲ್ಲಿ ಇದೂ ಗದ್ದಲವೇ, ಅಳಿಸಬೇಕು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ, ಇನ್ನೊಮ್ಮೆ ಓಡುವುದಿಲ್ಲ; ಈಗ ಅಳಿಸಿದರೆ ಆ ದನಿ ಹೋದಂತೆಯೇ. ಗಂಡ ಹೆಂಡತಿ ಇಬ್ಬರೂ ಈಗಿಲ್ಲ.

ಅವರ ಮಗಳು ಬಂದಿದ್ದರು. "ಅಪ್ಪನ ಕಥೆ ಸಾಕಾಗೋಷ್ಟು ಕೇಳಿದ್ದೀನಿ ಸಾರ್. ಅಮ್ಮನ ದನಿ ಬೇರೆಲ್ಲೂ ಇಲ್ಲ, ಅದನ್ನ ಅಳಿಸಬೇಡಿ" ಎಂದರು. ಮೇಲಧಿಕಾರಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಅಯ್ಯೋ ಪಾಪ ಅಂತ ನಿಯಮ ಮುರಿಯೋಕಾಗತ್ತೇನ್ರೀ?"

ನಾನು ಹೋಗಿ ಹಳೆಯ ದಿನಪತ್ರಿಕೆಗಳ ಕಟ್ಟು ಬಿಚ್ಚಿದೆ. ಮುಷ್ಕರ ನಡೆದದ್ದು ಆಕೆ ಹೇಳಿದ ವರ್ಷವೇ. ಪತ್ರಿಕೆಯನ್ನು ಮೇಲಧಿಕಾರಿಯ ಮೇಜಿನ ಮೇಲಿಟ್ಟೆ. ಓದಿ, "ಹಾಗಾದ್ರೆ ಆಯಮ್ಮ ಇರಲಿ ಬಿಡಿ. ಇಲ್ದಿದ್ರೆ ತಪ್ಪು ವರ್ಷ ನಮ್ಮ ತಲೆಗೆ ಬರತ್ತೆ" ಎಂದರು. ಮಗಳು ಹೆಡ್‌ಫೋನ್ ಹಾಕಿಕೊಂಡು ಅಪ್ಪ ಬೈಸಿಕೊಂಡದ್ದನ್ನೇ ಮತ್ತೆ ಮತ್ತೆ ಕೇಳಿದರು.

ಬೆನ್ನುನೋವು ಹಾಗೇ ಇದೆ, ನೀನು ಕೊಟ್ಟ ಮುಲಾಮು ಮುಗಿಯುತ್ತಾ ಬಂತು. ಭಾನುವಾರ ಅಪ್ಪನ ಮಾತು ರೆಕಾರ್ಡ್ ಮಾಡುತ್ತೇನೆ ಅಂದಿದ್ದೆಯಲ್ಲ, ನಡುವೆ ಅಮ್ಮ ಬಾಯಿ ಹಾಕಿದರೆ ಸುಮ್ಮನಿರು ಅನ್ನಬೇಡ.

ಅಂಚೆಯವನು ಡಬ್ಬಿ ತೆಗೆಯುವ ಹೊತ್ತಾಯಿತು.

ನಿನ್ನ ತಮ್ಮ